ಕೋವಿಡ್ ಪುನಶ್ಚೇತನ: ಮೊದಲು ಮಾರ್ಗಸೂಚಿಯನ್ನೇ ಪರೀಕ್ಷಿಸಬೇಕು

ಸಂಪಾದಕರಿಗೆ,

ಮಾನ್ಯರೇ,

ಕೋವಿಡ್‌ನಿಂದ ಚೇತರಿಸಿಕೊಳ್ಳುವವರು ಯಾವ ವ್ಯಾಯಾಮ ಮಾಡಬೇಕು ಎಂಬ ಸಲಹೆಗಳು ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ, ಡಿಸ್ಚಾರ್ಜ್ ವೇಳೆ ಕೈಗಿಡುವ ಹಾಳೆಗಳಲ್ಲಿ ಈಗಲೂ ಓಡಾಡುತ್ತಿವೆ. ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಘೋಷಿಸಿತು. ಆದರೆ ಸೋಂಕು ಬಂದುಹೋಗಿ ತಿಂಗಳುಗಳಾದರೂ ಸುಸ್ತು, ಏದುಸಿರು, ಎದೆಬಡಿತ ಎಂದು ಬರುವವರು ನಿಂತಿಲ್ಲ. ಅವರ ಕೈಯಲ್ಲಿರುವ ಹಾಳೆಯಲ್ಲಿ ‘ಮಾರ್ಗಸೂಚಿ ಪ್ರಕಾರ’ ಎಂದಿರುತ್ತದೆ. ಯಾವ ಮಾರ್ಗಸೂಚಿ, ಯಾವ ವರ್ಷದ್ದು, ಎಂಥ ರೋಗಿಗಾಗಿ ಬರೆದದ್ದು ಎಂಬುದು ಇರುವುದಿಲ್ಲ. ಪುನಶ್ಚೇತನದ, ಅಂದರೆ ಕಾಯಿಲೆಯ ಬಳಿಕ ರೋಗಿಯ ಶಕ್ತಿ, ಚಟುವಟಿಕೆ ಮರಳಿಸುವ ಕೆಲಸದಲ್ಲಿರುವ ನಮಗೆ ಇದು ಸಣ್ಣ ಲೋಪವಾಗಿ ಕಾಣುವುದಿಲ್ಲ. ವ್ಯಾಯಾಮಕ್ಕೂ ಪ್ರಮಾಣವಿದೆ, ಅಡ್ಡಪರಿಣಾಮವಿದೆ, ಕೊಡಲೇಬಾರದ ರೋಗಿಯೂ ಇದ್ದಾರೆ.

2020ರ ಮಾರ್ಚ್‌ನಿಂದ ಮೇವರೆಗೆ ಬಂದ ಮೊದಲ ದಾಖಲೆಗಳು ಬಹುಮಟ್ಟಿಗೆ ತಜ್ಞರು ಕೂಡಿ ಬರೆದ ಒಮ್ಮತದ ಹೇಳಿಕೆಗಳು. ಬ್ರಿಟನ್ನಿನ ಸೇನಾ ಪುನಶ್ಚೇತನ ಕೇಂದ್ರ ಸ್ಟ್ಯಾನ್‌ಫರ್ಡ್ ಹಾಲ್‌ನಿಂದ ಬಂದ ಹೇಳಿಕೆ ಅವುಗಳಲ್ಲಿ ಹೆಚ್ಚು ಓದಲ್ಪಟ್ಟದ್ದು. ಆಗ ಕೋವಿಡ್ ರೋಗಿಗಳ ಪುನಶ್ಚೇತನದ ಬಗ್ಗೆ ನಡೆದ ಪ್ರಯೋಗಗಳು ಇಲ್ಲವೆನ್ನುವಷ್ಟು ವಿರಳ. ಹಿಂದಿನ ಕೊರೊನಾ ರೋಗಗಳಾದ ಸಾರ್ಸ್, ಮರ್ಸ್ ಮತ್ತು ಐಸಿಯು ರೋಗಿಗಳಿಂದ ಕಲಿತದ್ದನ್ನೇ ಆಧಾರ ಮಾಡಿಕೊಳ್ಳಬೇಕಾಯಿತು. ಅದರಲ್ಲಿ ತಪ್ಪಿಲ್ಲ. ಅಂದಿನ ಊಹೆಯನ್ನು ಇಂದಿಗೂ ಸ್ಥಾಪಿತ ಸತ್ಯವೆಂಬಂತೆ ಹಂಚುವುದು ತಪ್ಪು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2020ರ ಸೆಪ್ಟೆಂಬರ್ 13ರಂದು ಹೊರಡಿಸಿದ ಕೋವಿಡೋತ್ತರ ಆರೈಕೆಯ ಕ್ರಮಸೂಚಿಯನ್ನೇ (ಪ್ರೊಟೊಕಾಲ್) ನೋಡಿ. ಡಿಸ್ಚಾರ್ಜ್ ಆದ 7 ದಿನಗಳೊಳಗೆ ಮೊದಲ ಮರುಭೇಟಿ ಎಂಬ ಉಪಯುಕ್ತ ಮಾತು ಅದರಲ್ಲಿದೆ. ಬೆಳಿಗ್ಗೆ ಒಂದು ಚಮಚ ಚ್ಯವನಪ್ರಾಶ ಎಂಬ ಮಾತೂ ಇದೆ. ಯಾವುದಕ್ಕೆ ಎಷ್ಟು ಬಲದ ಪುರಾವೆ ಎಂಬುದು ಮಾತ್ರ ಇಲ್ಲ. ಹಾಗಾಗಿ ಓದುವವರಿಗೆ ಎರಡೂ ಒಂದೇ ತೂಕದ್ದಾಗಿ ಕಾಣುತ್ತವೆ.

ಮಾರ್ಗಸೂಚಿಯನ್ನು ಅಳೆಯಲು ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಸಾಧನ ಅಗ್ರಿ-2 (AGREE II). ಅದರಲ್ಲಿ 23 ಅಂಶಗಳು, 6 ವಿಭಾಗಗಳು: ಉದ್ದೇಶ, ಸಂಬಂಧಪಟ್ಟವರ ಪಾಲ್ಗೊಳ್ಳುವಿಕೆ, ರಚನೆಯ ಬಿಗಿ (ಪುರಾವೆ ಹುಡುಕಿ ತೂಗಿದ ಶಿಸ್ತು), ಸ್ಪಷ್ಟತೆ, ಅಳವಡಿಕೆಯ ಸಾಧ್ಯತೆ, ಸಂಪಾದಕೀಯ ಸ್ವಾತಂತ್ರ್ಯ (ಹಣ ಕೊಟ್ಟವರ ಪ್ರಭಾವ ಇಲ್ಲದಿರುವುದು). ಪ್ರತಿ ಅಂಶಕ್ಕೆ 1ರಿಂದ 7ರವರೆಗೆ ಅಂಕ. ಕನಿಷ್ಠ ಇಬ್ಬರು, ಸಾಧ್ಯವಾದರೆ ನಾಲ್ವರು ಪ್ರತ್ಯೇಕವಾಗಿ ಓದಿ ಅಂಕ ಕೊಡಬೇಕು. ಇಲ್ಲಿ ಲೆಕ್ಕದಲ್ಲೇ ಎಡವುವವರಿದ್ದಾರೆ. ‘ರಚನೆಯ ಬಿಗಿ’ ವಿಭಾಗದಲ್ಲಿ 8 ಅಂಶಗಳಿವೆ. ನಾಲ್ವರು ಅಳೆದರೆ ಗರಿಷ್ಠ 224, ಕನಿಷ್ಠ 32. ಒಟ್ಟು 96 ಅಂಕ ಬಂತೆನ್ನಿ. 96ನ್ನು 224ರಿಂದ ಭಾಗಿಸಿ ಶೇ 43 ಎಂದು ಬರೆಯುವುದು ತಪ್ಪು. ಏನೂ ಇಲ್ಲದ ದಾಖಲೆಗೂ 32 ಅಂಕ ಸಿಕ್ಕೇ ಸಿಗುತ್ತದೆ, ಆದ್ದರಿಂದ ಅದನ್ನು ಎರಡರಿಂದಲೂ ಕಳೆಯಬೇಕು: 64ನ್ನು 192ರಿಂದ ಭಾಗಿಸಿದರೆ ಶೇ 33. ಆರು ವಿಭಾಗಗಳ ಅಂಕ ಕೂಡಿಸಿ ಸರಾಸರಿ ತೆಗೆಯುವುದೂ ಸಲ್ಲದು. ಚೆಂದದ ಕೋಷ್ಟಕ, ಬಣ್ಣದ ಚಿತ್ರಗಳಿಂದ ‘ಸ್ಪಷ್ಟತೆ’ಯಲ್ಲಿ ಗಳಿಸಿದ ಅಂಕ ಪುರಾವೆಯ ಬಡತನವನ್ನು ಮುಚ್ಚಿಬಿಡುತ್ತದೆ. ಅಳೆಯುವವರ ನಡುವೆ ಒಂದೇ ಅಂಶದ ಮೇಲೆ ದೊಡ್ಡ ವ್ಯತ್ಯಾಸ ಬಂದರೆ ಒಟ್ಟಿಗೆ ಕೂತು ಪುಟ ತೆರೆದು ನೋಡಬೇಕು. ಎಷ್ಟೋ ಸಲ ಒಬ್ಬರು ಮುಖ್ಯ ದಾಖಲೆ ಮಾತ್ರ ಓದಿರುತ್ತಾರೆ, ಇನ್ನೊಬ್ಬರು ಅನುಬಂಧವನ್ನೂ ತೆರೆದಿರುತ್ತಾರೆ. ಪುರಾವೆ ಹುಡುಕಿದ ವಿಧಾನ ಇರುವುದು ಅನುಬಂಧದಲ್ಲಿ.

ಅಗ್ರಿ-2ರಲ್ಲಿ ಒಳ್ಳೆಯ ಅಂಕ ಬಂದ ಮಾತ್ರಕ್ಕೆ ಒಳಗಿನ ಸಲಹೆ ಸರಿ ಎಂದಾಗುವುದಿಲ್ಲ. ಅದು ದಾಖಲೆಯನ್ನು ಹೇಗೆ ತಯಾರಿಸಿದರು ಎಂಬುದನ್ನು ಅಳೆಯುತ್ತದೆ. ಪುರಾವೆಯ ಖಾತ್ರಿಗೆ ಗ್ರೇಡ್ (GRADE) ಪದ್ಧತಿ ಇದೆ: ಹೆಚ್ಚು, ಮಧ್ಯಮ, ಕಡಿಮೆ, ಅತಿ ಕಡಿಮೆ. ಶಿಫಾರಸು ಬಲವಾದದ್ದೋ ಷರತ್ತಿನದೋ (ಸಂದರ್ಭ ನೋಡಿ ಪಾಲಿಸಬೇಕಾದದ್ದೋ) ಎಂಬುದು ಬೇರೆ ಪ್ರಶ್ನೆ. ‘ಖಾತ್ರಿ ಅತಿ ಕಡಿಮೆ, ಶಿಫಾರಸು ಬಲವಾದದ್ದು’ ಎಂಬ ಜೋಡಿ ಕಂಡಲ್ಲಿ ಕಾರಣ ಕೇಳಬೇಕು. ಅಪಾಯ ತಪ್ಪಿಸುವ ಸಲಹೆಯಾದರೆ ಒಪ್ಪಬಹುದು. ರೋಗಿಯಿಂದ ಹೆಚ್ಚು ಶ್ರಮ ಮಾಡಿಸುವ ಸಲಹೆಯಾದರೆ ನಾವು ಒಪ್ಪುವುದಿಲ್ಲ.

ಇನ್ನೊಂದು ದೊಡ್ಡ ಕೊರತೆ ಪ್ರಮಾಣದ್ದು. ‘ಉಸಿರಾಟದ ವ್ಯಾಯಾಮ ಮಾಡಿಸಿ’, ‘ನಿಧಾನವಾಗಿ ನಡಿಗೆ ಹೆಚ್ಚಿಸಿ’ ಎಂದಷ್ಟೇ ಬರೆದ ವಾಕ್ಯದಿಂದ ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಏನು ಮಾಡಬೇಕು? ವಾರಕ್ಕೆ ಎಷ್ಟು ದಿನ, ಒಂದು ಸಲಕ್ಕೆ ಎಷ್ಟು ನಿಮಿಷ, ರೋಗಿಯೇ ತನ್ನ ಶ್ರಮ, ಏದುಸಿರಿಗೆ ಅಂಕ ಕೊಡುವ 0–10ರ ಬೋರ್ಗ್ ಮಾಪಕದಲ್ಲಿ ಎಷ್ಟರವರೆಗೆ, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು, ಯಾವಾಗ ಮುಂದಿನ ಹಂತಕ್ಕೆ ಹೋಗಬೇಕು ಎಂಬುದು ಬೇಕು. ಉಸಿರಾಟದ ವ್ಯಾಯಾಮಕ್ಕೆ ಕೊಡುವ ಮೂರು ಚೆಂಡಿನ ಸ್ಪೈರೋಮೀಟರ್ ಇದಕ್ಕೆ ಕಣ್ಣೆದುರಿನ ಉದಾಹರಣೆ. ಕೋವಿಡ್ ಕಾಲದಲ್ಲಿ ಅದು ಮನೆಮನೆಗೂ ಹೋಯಿತು, ಬಳಸುವ ಕ್ರಮ ಜೊತೆಗೆ ಹೋಗಲಿಲ್ಲ. ಬಹಳ ಮಂದಿ ಅದಕ್ಕೆ ಊದುತ್ತಾರೆ. ಉಸಿರನ್ನು ಒಳಗೆ ಎಳೆಯಬೇಕಾದ ಉಪಕರಣ ಅದು. ಎಳೆಯುವವರೂ ಮೂರೂ ಚೆಂಡು ಮೇಲೇರಲಿ ಎಂದು ಜೋರಾಗಿ ಸೆಳೆಯುತ್ತಾರೆ. ಚೆಂಡುಗಳು ತೋರಿಸುವುದು ಉಸಿರಿನ ವೇಗವನ್ನು, ಶ್ವಾಸಕೋಶ ತುಂಬಿದ ಪ್ರಮಾಣವನ್ನಲ್ಲ. ಒಂದು ಚೆಂಡನ್ನು ಮೇಲೆತ್ತಿ ಎರಡು ಮೂರು ಸೆಕೆಂಡು ಹಿಡಿಯುವ ನಿಧಾನದ ಉಸಿರು ಒಳ್ಳೆಯದು. ಬಿಡುವಿಲ್ಲದೆ ಸೆಳೆಯುತ್ತ ಹೋದರೆ ತಲೆಸುತ್ತು ಬರುತ್ತದೆ, ರೋಗಿ ಅದನ್ನು ಕೋವಿಡ್‌ನ ಲಕ್ಷಣವೆಂದೇ ಹೆದರುತ್ತಾರೆ.

ಸುರಕ್ಷತೆಯ ವಿಚಾರದಲ್ಲಿ ಹಳೆಯ ಮತ್ತು ಹೊಸ ಮಾರ್ಗಸೂಚಿಗಳ ನಡುವೆ ಇರುವ ಅಂತರವೇ ನಾವು ಈ ಪತ್ರ ಬರೆಯಲು ಮುಖ್ಯ ಕಾರಣ. ಸುಸ್ತಿರುವವರಿಗೆ ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವ ಪದ್ಧತಿಯನ್ನು ಕೋವಿಡ್ ನಂತರದ ಸುಸ್ತಿಗೂ ಹಾಗೆಯೇ ಅನ್ವಯಿಸಬಾರದೆಂದು ಚಿಕಿತ್ಸಾ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2020ರ ಜುಲೈನಲ್ಲೇ ಎಚ್ಚರಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆ 2022ರ ಸೆಪ್ಟೆಂಬರ್‌ನ ಪರಿಷ್ಕರಣೆಯಲ್ಲಿ, ವ್ಯಾಯಾಮ ತರಬೇತಿಗೆ ಮುನ್ನ ಶ್ರಮದ ವೇಳೆ ಆಮ್ಲಜನಕ ಕುಸಿಯುತ್ತಿಲ್ಲ, ಹೃದಯಕ್ಕೆ ತೊಂದರೆಯಾಗಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು ಎಂದಿತು. ಈ ಮಾತು ಇಲ್ಲದ ಮಾರ್ಗಸೂಚಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಇಂದು ಬಳಕೆಗೆ ಯೋಗ್ಯವಲ್ಲ.

ಈ ತಪಾಸಣೆಗೆ ದೊಡ್ಡ ಯಂತ್ರ ಬೇಕಿಲ್ಲ. ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಬೆರಳು ಬೆಚ್ಚಗಿದೆಯೇ, ಉಗುರುಬಣ್ಣವೋ ಕಪ್ಪು ಮೆಹಂದಿಯೋ ಇದೆಯೇ ನೋಡಿ ಆಕ್ಸಿಮೀಟರ್ ಹಾಕಿ. ಅಂಕಿ ಸ್ಥಿರವಾಗುವ ತನಕ ಕಾಯಿರಿ. ಆಮ್ಲಜನಕ ಶೇ 96 ಅಥವಾ ಹೆಚ್ಚಿದ್ದು ಎದೆನೋವು ಇಲ್ಲದಿದ್ದರೆ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಒಂದು ನಿಮಿಷ ಮಾಡಿಸಿ, ಇಲ್ಲವೇ ಸಮತಟ್ಟಿನಲ್ಲಿ 40 ಹೆಜ್ಜೆ ನಡೆಸಿ. 3 ಅಂಕ ಇಳಿದರೆ ಅದು ಸಹಜವಲ್ಲ. ವ್ಯಾಯಾಮ ಬದಿಗಿಟ್ಟು ವೈದ್ಯರ ಬಳಿ ಕಳಿಸಬೇಕು. ನಿಲ್ಲಿಸಿದ ಕೂಡಲೇ ಆಕ್ಸಿಮೀಟರ್ ತೆಗೆಯುವುದು ಸಾಮಾನ್ಯ ತಪ್ಪು. ಅತಿ ಕಡಿಮೆ ಅಂಕಿ ಹಲವೊಮ್ಮೆ ಕೂತ ಮೇಲೆ ಬರುತ್ತದೆ, ಹಾಗಾಗಿ ಇನ್ನೆರಡು ನಿಮಿಷ ನೋಡಬೇಕು. ಕಪ್ಪು ಚರ್ಮದವರಲ್ಲಿ ಆಕ್ಸಿಮೀಟರ್ ನಿಜಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆಯೆಂದು 2020ರ ಕೊನೆಯಲ್ಲಿ ಅಮೆರಿಕದ ಅಧ್ಯಯನ ತೋರಿಸಿತು. ನಮ್ಮ ನಾಡಿನಲ್ಲಿ ಇದನ್ನು ಮರೆಯುವಂತಿಲ್ಲ: ಒಂದೇ ಸಲದ ಅಂಕಿಗಿಂತ ಹೆಚ್ಚಾಗಿ ಅಂಕಿಯ ಇಳಿಕೆಯನ್ನು, ಅದರ ಜೊತೆಗೆ ರೋಗಿಯ ಏದುಸಿರನ್ನು ನಂಬಬೇಕು.

ಎರಡನೆಯ ತಪಾಸಣೆ, ಐದು ನಿಮಿಷ ಮಲಗಿಸಿ ನಾಡಿ, ಬಿಪಿ ಬರೆದುಕೊಂಡು ಬಳಿಕ ಹತ್ತು ನಿಮಿಷ ನಿಲ್ಲಿಸಿ ನೋಡುವುದು. ವಯಸ್ಕರಲ್ಲಿ ಬಿಪಿ ಇಳಿಯದೆ ನಾಡಿ ಮಾತ್ರ ನಿಮಿಷಕ್ಕೆ 30 ಅಥವಾ ಹೆಚ್ಚು ಏರಿ ಹಾಗೆಯೇ ನಿಂತರೆ, ಅವರಿಗೆ ನಿಂತು ಮಾಡುವ ವ್ಯಾಯಾಮದಿಂದ ಶುರು ಮಾಡಬಾರದು. ಮಲಗಿ ಅಥವಾ ಕೂತು ಮಾಡುವವೇ ಮೊದಲು. ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು, ಬೀಳುವವರಿದ್ದಾರೆ. ಮೂರನೆಯದು ಬರೀ ಪ್ರಶ್ನೆ: ‘ಕೆಲಸ ಮಾಡಿದ ಮಾರನೇ ದಿನವೋ ಅದರ ಮಾರನೇ ದಿನವೋ ಏಳಲಾಗದಷ್ಟು ಸುಸ್ತಾಗುತ್ತದೆಯೇ?’ ಈ ಕುಸಿತ ಬರುವುದು 12ರಿಂದ 72 ಗಂಟೆಗಳ ನಂತರ. ಆಸ್ಪತ್ರೆಯಲ್ಲಿ ಆರು ನಿಮಿಷ ಚೆನ್ನಾಗಿ ನಡೆದವರು ಮೂರನೇ ದಿನ ಹಾಸಿಗೆ ಹಿಡಿದಿರುತ್ತಾರೆ, ದಾಖಲೆಯಲ್ಲಿ ‘ಪ್ರಗತಿ ಉತ್ತಮ’ ಎಂದೇ ಉಳಿಯುತ್ತದೆ. ಎರಡನೇ, ಮೂರನೇ ದಿನ ಫೋನ್ ಮಾಡಿ ವಿಚಾರಿಸಿದರೆ ಇದು ಸಿಕ್ಕಿಬೀಳುತ್ತದೆ. ಅಂಥವರಿಗೆ ಬೇಕಾದದ್ದು ಶಕ್ತಿ ಉಳಿಸಿ ಹಂಚಿಕೊಳ್ಳುವ ಕಲೆ: ಕೂತು ಅಡುಗೆ, ಕೂತು ಸ್ನಾನ, ಬಟ್ಟೆ ಒಗೆಯುವ ದಿನ ಬೇರೆ ಭಾರದ ಕೆಲಸವಿಲ್ಲ. ‘ಮನಸ್ಸು ಗಟ್ಟಿ ಮಾಡಿಕೊಂಡು ಇನ್ನೂ ಸ್ವಲ್ಪ ನಡೆಯಿರಿ’ ಎಂಬ ಒತ್ತಾಯ ಅವರನ್ನು ಹಿಂದಕ್ಕೆ ತಳ್ಳುತ್ತದೆ.

ವಿದೇಶಿ ಮಾರ್ಗಸೂಚಿಯನ್ನು ಹಾಗೆಯೇ ತಂದರೂ ನಮ್ಮ ರೋಗಿಗಳು ಅದರೊಳಗೆ ಪೂರ್ತಿ ಸಿಗುವುದಿಲ್ಲ. 2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರದಿಂದ ಕಣ್ಣು, ಮೇಲ್ದವಡೆ ಕಳೆದುಕೊಂಡವರಿಗೆ ನುಂಗುವುದು, ಮಾತಾಡುವುದು, ಒಂದೇ ಕಣ್ಣಿನಲ್ಲಿ ಮೆಟ್ಟಿಲಿಳಿಯುವುದು ಎಲ್ಲವೂ ಪುನಶ್ಚೇತನದ ವಿಷಯ. ಬ್ರಿಟನ್ನಿನ ದಾಖಲೆಯಲ್ಲಿ ಅದಕ್ಕೆ ಉತ್ತರ ಹುಡುಕಿ ಫಲವಿಲ್ಲ. ಹೆಚ್ಚು ಸ್ಟೀರಾಯ್ಡ್ ಪಡೆದವರಲ್ಲಿ ಆಮೇಲೆ ತೊಡೆಸಂದಿನ ನೋವು ಶುರುವಾದರೆ ಸೊಂಟದ ಕೀಲಿನ ಮೂಳೆಗೆ ರಕ್ತ ಹರಿಯುವುದು ನಿಂತಿರಬಹುದು. ಎಂಆರ್‌ಐ ಆಗುವ ತನಕ ಬಸ್ಕಿ ಹೊಡೆಸಬಾರದು. ಎರಡು ವಾರಕ್ಕೂ ಮೀರಿ ಕೆಮ್ಮಿದ್ದರೆ ಕೋವಿಡ್ ನಂತರದ ಕೆಮ್ಮೆಂದು ಉಸಿರಾಟದ ವ್ಯಾಯಾಮ ಹೇಳುವ ಮೊದಲು ಕಫ ಪರೀಕ್ಷೆ ಮಾಡಿಸಿ ಕ್ಷಯ ಇಲ್ಲವೆಂದು ತಿಳಿಯಬೇಕು. ಐಸಿಯುನಲ್ಲಿ ದಿನಕ್ಕೆ 12–16 ಗಂಟೆ ಬೋರಲು ಮಲಗಿದ್ದವರ ಭುಜ, ಕೈ ಸೋತಿದ್ದರೆ ನರಕ್ಕೆ ಒತ್ತು ಬಿದ್ದಿದೆಯೇ ನೋಡಬೇಕು, ಎಲ್ಲವನ್ನೂ ‘ನಿಶ್ಶಕ್ತಿ’ ಎನ್ನಬಾರದು. ಇನ್ನು ಪರೀಕ್ಷೆಗಳ ವಿಷಯ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆಂದು ನೋಡುವ ಪರೀಕ್ಷೆಗೆ 30 ಮೀಟರ್ ನೇರ ಹಾದಿ ಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದ ಪಡಸಾಲೆ ಅಷ್ಟು ಉದ್ದ ಇರುವುದಿಲ್ಲ. ತಿರುವುಗಳು ಹೆಚ್ಚಾದಂತೆ ದೂರ ಕಡಿಮೆ ಬರುತ್ತದೆ. ಕುರ್ಚಿಯಿಂದ ಎದ್ದವರು ನೆಲದಿಂದ ಏಳಬಲ್ಲರೇ, ಕುಕ್ಕರುಗಾಲಲ್ಲಿ ಕೂತು ಶೌಚ ಮುಗಿಸಬಲ್ಲರೇ, ಬಾಗಿ ನಾಟಿ ಹಾಕಬಲ್ಲರೇ ಎಂದು ವಿದೇಶಿ ಪ್ರಶ್ನಾವಳಿಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಇಲ್ಲಿ ಕೂಲಿಗೆ ಮರಳುವುದು ಆ ಉತ್ತರಗಳ ಮೇಲೆ ನಿಂತಿದೆ.

ಹೊಸ ಮಾರ್ಗಸೂಚಿಯನ್ನು ಬುಡದಿಂದ ಬರೆಯುವುದು ಬೇಡ. ಇರುವವುಗಳಲ್ಲಿ ಬಿಗಿಯಾಗಿ ತಯಾರಾದ ಎರಡು ಮೂರನ್ನು ಆರಿಸಿ, ಒಂದೊಂದು ಶಿಫಾರಸನ್ನೂ ಹಾಗೆಯೇ ಸ್ವೀಕರಿಸಬೇಕೋ, ಬದಲಿಸಬೇಕೋ, ಬಿಡಬೇಕೋ ಎಂದು ನಿರ್ಧರಿಸಿ, ಕಾರಣ ಬರೆದಿಟ್ಟರೆ ಸಾಕು. ರಾಜ್ಯ ಆರೋಗ್ಯ ಇಲಾಖೆ ಇದಕ್ಕೊಂದು ಸಮಿತಿ ಮಾಡಲಿ. ನರರೋಗಕ್ಕೆ ನಿಮ್ಹಾನ್ಸ್, ನುಂಗುವಿಕೆ ಮತ್ತು ಧ್ವನಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಶ್ವಾಸಕೋಶಕ್ಕೆ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ನಮ್ಮಲ್ಲೇ ಇವೆ. ಅವರ ಜೊತೆ ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್, ಆಶಾ ಕಾರ್ಯಕರ್ತೆ ಮತ್ತು ರೋಗ ಅನುಭವಿಸಿದವರು ಕೂರಬೇಕು. ಔಷಧ ಅಥವಾ ಉಪಕರಣ ಕಂಪನಿಯ ನಂಟಿರುವ ಸದಸ್ಯರು ಅದನ್ನು ಬರೆದುಕೊಟ್ಟು ಆ ಶಿಫಾರಸಿನ ಮತದಿಂದ ದೂರ ಇರಬೇಕು. ರೋಗಿಯ ಕೈಗೆ ಹೋಗುವ ಕನ್ನಡ ಹಾಳೆ ಒಂದೇ ಪುಟ ಇರಲಿ: ಮೇಲ್ಗಡೆ ದಿನಾಂಕ ಮತ್ತು ಮುಂದಿನ ಪರಿಷ್ಕರಣೆಯ ದಿನಾಂಕ, ಯಾರಿಗೆ ಇದು ಅಲ್ಲ ಎಂಬ ಸಾಲು, ಎದೆನೋವು, ಕಣ್ಣು ಕತ್ತಲೆ, ಆಮ್ಲಜನಕದ ಇಳಿಕೆ ಕಂಡರೆ ನಿಲ್ಲಿಸಿ ಎಂಬ ಸೂಚನೆ, ಫೋನ್ ಮಾಡಬೇಕಾದ ಸಂಖ್ಯೆ.

ನಿಮ್ಮ ಪತ್ರಿಕೆಯೂ ಇಂಥ ಸಲಹೆ ಪ್ರಕಟಿಸುವಾಗ ಮೂಲ ಮಾರ್ಗಸೂಚಿಯ ಹೆಸರು, ತಿಂಗಳು, ವರ್ಷ ಕೊಡಬೇಕೆಂದು ಕೋರುತ್ತೇವೆ.

– ಪುನಶ್ಚೇತನ ವಿಭಾಗದಲ್ಲಿ ಕೆಲಸ ಮಾಡುವ ಫಿಸಿಯೋಥೆರಪಿಸ್ಟರು, ಮೈಸೂರು