ಭವಿಷ್ಯ ಹೇಳಿದವರ ಹೆಸರು, ತಾರೀಕು ಬರೆದಿಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಎಐ ಬಂದ ಮೇಲೆ ಇನ್ನು ಹತ್ತು ವರ್ಷದಲ್ಲಿ ಯಾವ್ಯಾವ ಕೆಲಸ ಇರುವುದಿಲ್ಲ ಎಂದು ದೊಡ್ಡ ಪಟ್ಟಿಯೇ ಇತ್ತು. ಎಕ್ಸ್‌ರೇ, ಸ್ಕ್ಯಾನಿಂಗ್ ಕೆಲಸವೂ ಅದರಲ್ಲಿತ್ತು. ನಾನು ಓದಿ ಮಡಚಿಟ್ಟೆ. ಪಕ್ಕದ ಮನೆಯವರು ಮಡಚಿಡಲಿಲ್ಲ. ಅವರ ಮಗಳು ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ, ಎಕ್ಸ್‌ರೇ, ಸ್ಕ್ಯಾನ್ ತೆಗೆಯುವುದನ್ನು ಕಲಿಸುವ ಮೆಡಿಕಲ್ ಇಮೇಜಿಂಗ್ ಕೋರ್ಸಿಗೆ ಸೇರಬೇಕು ಅಂತ ಅವಳಿಗೆ ಆಸೆ. ಅಪ್ಪ ಆ ಪುಟ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. "ಸರ್, ಲಕ್ಷಗಟ್ಟಲೆ ಹಾಕಿ ಓದಿಸಿ, ಆಮೇಲೆ ಇವಳು ಮನೆಯಲ್ಲಿ ಕೂರುದಾ?" ಅಂತ ಕೇಳಿದರು. ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಂಡಿದ್ದವನು, ಲೆಕ್ಕಾಚಾರ ಗೊತ್ತಿರುತ್ತದೆ ಅನ್ನುವ ನಂಬಿಕೆ ಅವರಿಗೆ. ನನಗೆ ಮಾತ್ರ ಆ ಹೊತ್ತಿಗೆ ನೆನಪಾದದ್ದು ಇನ್ನೊಬ್ಬರು.

2001ನೇ ಇಸವಿ. ಆಗ ನಾನು ಕಾಪು ಕಡೆಯ ಒಂದು ಶಾಖೆಯಲ್ಲಿದ್ದೆ. ಎಸ್‌ಟಿಡಿ ಬೂತಿಗೆ ಸಾಲ ಕೇಳಿ ಒಬ್ಬರು ಬಂದರು. ಜಾಗ ಚೆನ್ನಾಗಿತ್ತು, ಬಸ್‌ಸ್ಟ್ಯಾಂಡಿನ ಎದುರು. ಊರಲ್ಲಿ ಮನೆಗೊಬ್ಬರು ಬೊಂಬಾಯಿಯಲ್ಲೋ ಗಲ್ಫಿನಲ್ಲೋ ಇದ್ದ ಕಾಲ ಅದು. ಶುಕ್ರವಾರ ದುಬೈಯಿಂದ ಮಗನ ಫೋನ್ ಬರುತ್ತದೆ ಅಂತ ತಾಯಂದಿರು ಬೂತಿನ ಬೆಂಚಿನಲ್ಲಿ ಗಂಟೆಗಟ್ಟಲೆ ಕಾಯುತ್ತಿದ್ದರು, ರಾತ್ರಿ ರೇಟು ಇಳಿಯುವ ಹೊತ್ತಿಗೆ ಹೊರಗೆ ಕ್ಯೂ ಇರುತ್ತಿತ್ತು. ಇದಕ್ಕಿಂತ ಭದ್ರ ವ್ಯಾಪಾರ ಯಾವುದುಂಟು ಅಂತ ನನಗೂ ಅನಿಸಿತ್ತು. ಅವರೇ ಒಂದು ಮಾತು ಕೇಳಿದರು, "ಸರ್, ಈ ಮೊಬೈಲ್ ಬಂದ್ರೆ ತೊಂದರೆ ಇಲ್ವಾ?" ನಾನು ಧೈರ್ಯ ಹೇಳಿದೆ. ಅದು ಶ್ರೀಮಂತರ ವಸ್ತು, ಒಳಗೆ ಬರುವ ಕಾಲಿಗೂ ದುಡ್ಡು ಕೊಡಬೇಕು, ನಮ್ಮ ಜನ ಯಾಕೆ ಇಟ್ಟುಕೊಳ್ಳುತ್ತಾರೆ ಅಂತ.

ನಾನು ಸುಮ್ನೆ ಹೇಳಿದ್ದಲ್ಲ, ಲೆಕ್ಕ ಹಾಕಿಯೇ ಹೇಳಿದ್ದು. 1995ರಲ್ಲಿ ದೇಶಕ್ಕೆ ಮೊಬೈಲ್ ಬಂದಾಗ ನಿಮಿಷಕ್ಕೆ 16 ರೂಪಾಯಿವರೆಗೂ ಇತ್ತು. ದರ ಆಮೇಲೆ ಇಳಿದಿತ್ತು, ಆದರೂ ಮೀನು ಮಾರುವವರಿಗೆ, ಬೀಡಿ ಕಟ್ಟುವವರಿಗೆ ಎಟುಕುವ ಹಾಗೆ ಇರಲಿಲ್ಲ. ಇಳಿಯುತ್ತಿರುವುದು ಇನ್ನೂ ಇಳಿಯಬಹುದು ಅಂತ ನಾನು ಯೋಚನೆಯೇ ಮಾಡಲಿಲ್ಲ. 2003ರ ಮೇಯಲ್ಲಿ ಒಳಬರುವ ಕರೆ ಫ್ರೀ ಆಯಿತು, ಅದೇ ವರ್ಷ 501 ರೂಪಾಯಿ ಕಟ್ಟಿದರೆ ಕೈಗೆ ಹ್ಯಾಂಡ್‌ಸೆಟ್ಟೇ ಸಿಗುವ ಸ್ಕೀಮೂ ಬಂತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೂತಿನ ಬೆಂಚು ಖಾಲಿ. ಬಿಲ್ ಮೆಷಿನ್ ಮೇಲೆ ಟವೆಲ್ ಮುಚ್ಚಿ, ಆ ಗಾಜಿನ ಕ್ಯಾಬಿನ್ನಿನಲ್ಲಿ ಅವರು ಬಾಳೆಗೊನೆ ನೇತುಹಾಕಿ ಮಾರುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಉಳಿದ ಕಂತುಗಳನ್ನು ಅವರ ಹೆಂಡತಿ ಬೀಡಿ ಕಟ್ಟಿ ತೀರಿಸಿದರು. ಪ್ರತಿ ತಿಂಗಳು ಕೌಂಟರಿಗೆ ಬಂದು, ಸೆರಗಿನ ಗಂಟು ಬಿಚ್ಚಿ, ಚಿಲ್ಲರೆ ನೋಟು ಎಣಿಸಿ ಕೊಡುತ್ತಿದ್ದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅಂದಾಜು ತಪ್ಪಿದ್ದು ನನ್ನದು, ಕಂತು ಕಟ್ಟಿದ್ದು ಅವರು.

ಇದೇ ತಪ್ಪನ್ನು ನನಗಿಂತ ಎಷ್ಟೋ ದೊಡ್ಡವರೂ ಮಾಡಿದ್ದಾರೆ ಅಂತ ಆಮೇಲೆ ಓದಿ ತಿಳಿಯಿತು. 1980ರ ದಶಕದ ಆರಂಭದಲ್ಲಿ ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ, 2000ನೇ ಇಸವಿಗೆ ಅಲ್ಲಿ ಎಷ್ಟು ಜನ ಮೊಬೈಲ್ ಇಟ್ಟುಕೊಂಡಿರುತ್ತಾರೆ ಅಂತ ಮೆಕಿನ್ಸಿ ಸಲಹೆಗಾರರನ್ನು ಕೇಳಿತು. ಸುಮಾರು 9 ಲಕ್ಷ ಅಂದರು. ಆ ವರ್ಷ ಬಂದಾಗ ಸಂಖ್ಯೆ 10 ಕೋಟಿ ದಾಟಿತ್ತು. ಅವರು ಕೈಯಲ್ಲಿದ್ದ ಫೋನಿನ ತೂಕ ನೋಡಿದರು, ಬ್ಯಾಟರಿ ನೋಡಿದರು, ದರ ನೋಡಿದರು. ಇವತ್ತಿದ್ದ ಹಾಗೆಯೇ ನಾಳೆಯೂ ಇರುತ್ತದೆ ಅಂದುಕೊಂಡರು. ನನ್ನ ಶಾಖೆಯ ಟೇಬಲ್ಲಿನಲ್ಲಿ ಆದದ್ದೂ ಅದೇ.

ಇನ್ನು ಎಕ್ಸ್‌ರೇ ವಿಷಯ. ಇಲ್ಲಿ ತಪ್ಪಿದ್ದು ಇನ್ನೊಂದು ದಿಕ್ಕಿಗೆ. ಎಐ ಕ್ಷೇತ್ರದ ದೊಡ್ಡ ವಿಜ್ಞಾನಿ, 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೆಫ್ರಿ ಹಿಂಟನ್ 2016ರಲ್ಲಿ ಒಂದು ಮಾತು ಹೇಳಿದ್ದರು. ರೇಡಿಯಾಲಜಿಸ್ಟ್‌ಗಳಿಗೆ, ಅಂದರೆ ಎಕ್ಸ್‌ರೇ, ಸ್ಕ್ಯಾನ್ ಚಿತ್ರ ನೋಡಿ ರೋಗ ಗುರುತಿಸುವ ಡಾಕ್ಟರುಗಳಿಗೆ, ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರವೇ ಅವರಿಗಿಂತ ಚೆನ್ನಾಗಿ ನೋಡುತ್ತದೆ ಅಂತ. ಹತ್ತು ವರ್ಷ ಆದರೂ ಆಗಬಹುದು ಅಂತಲೂ ಸೇರಿಸಿದ್ದರು. ಆ ಐದು ವರ್ಷ 2021ಕ್ಕೇ ಮುಗಿಯಿತು. ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ರೇಡಿಯಾಲಜಿಸ್ಟ್‌ಗಳು ಸಾಕಾಗುತ್ತಿಲ್ಲ ಅನ್ನುವ ಮಾತೇ ಇವತ್ತಿಗೂ ಕೇಳಿಬರುತ್ತಿದೆ. ತಾನು ಚಿತ್ರ ಓದುವ ಕೆಲಸದ ಬಗ್ಗೆ ಮಾತ್ರ ಹೇಳಬೇಕಿತ್ತು, ಮಾತು ಜಾಸ್ತಿ ವಿಸ್ತಾರವಾಯಿತು ಅಂತ ಹಿಂಟನ್ ಅವರೇ ಆಮೇಲೆ ಒಪ್ಪಿಕೊಂಡರು. ಒಪ್ಪಿಕೊಂಡದ್ದಕ್ಕೆ ನನಗೆ ಅವರ ಮೇಲೆ ಗೌರವ ಉಂಟು. ಆದರೆ ಮೊದಲ ಮಾತು ಪ್ರಪಂಚವೆಲ್ಲ ಸುತ್ತಿತು, ಎರಡನೆಯದು ನಮ್ಮ ಬೀದಿಯವರೆಗೆ ಬರಲೇ ಇಲ್ಲ.

ಕಳೆದ ವರ್ಷ ಅಮ್ಮನನ್ನು ಎದೆಯ ಎಕ್ಸ್‌ರೇಗೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ 86. ಬೆನ್ನು ಬಾಗಿದೆ, ಕಿವಿ ಅರ್ಧ ಕೇಳುವುದಿಲ್ಲ, ಆ ತಣ್ಣಗಿನ ಹಲಗೆ ಕಂಡರೇ ಹೆದರಿಕೆ. ಅಲ್ಲಿದ್ದ ಹುಡುಗಿ ಅಮ್ಮನ ಕಿವಿಯ ಹತ್ತಿರ ಬಾಗಿ ತುಳುವಿನಲ್ಲಿ ಮಾತಾಡಿಸಿದಳು, ಕರಿಮಣಿ ತೆಗೆಯುವುದಿಲ್ಲ ಅಂತ ಅಮ್ಮ ಹಟ ಹಿಡಿದಾಗ ಅದನ್ನು ಬೆನ್ನ ಹಿಂದಕ್ಕೆ ಸರಿಸಿ ಟೇಪು ಹಚ್ಚಿದಳು, ಗಲ್ಲ ಮೇಲೆತ್ತಿ, ಭುಜ ಮುಂದೆ ತಂದು, ಉಸಿರು ಹಿಡಿಯುವುದು ಹೇಗೆ ಅಂತ ತಾನೇ ಮಾಡಿ ತೋರಿಸಿದಳು. ಮೂರನೇ ಸಲಕ್ಕೆ ಚಿತ್ರ ಸರಿಯಾಗಿ ಬಂತು. ಆ ಚಿತ್ರವನ್ನು ನಾಳೆ ಯಂತ್ರ ಓದಬಹುದು, ಓದಲಿ, ಒಳ್ಳೆಯದೇ. ಓದುವುದಕ್ಕೆ ಮೊದಲು ಅದನ್ನು ತೆಗೆಯಬೇಕಲ್ಲ! ನಿಮ್ಮ ಲೇಖನ ಇದನ್ನು ಬೇರೆ ಮಾಡಿ ನೋಡಲೇ ಇಲ್ಲ. ಚಿತ್ರ ಓದುವ ಡಾಕ್ಟರು, ತೆಗೆಯುವ ಟೆಕ್ನೀಷಿಯನ್ನು, ಎಲ್ಲರನ್ನೂ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿತು.

ಭವಿಷ್ಯದ ಬಗ್ಗೆ ಬರೆಯಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಬರೆಯುವಾಗ ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಎಷ್ಟು ವರ್ಷದೊಳಗೆ ಅಂತ ಹೇಳಿದ್ದು, ಆ ಯಂತ್ರ ಮಾರುವ ಕಂಪನಿಗೂ ಅವರಿಗೂ ಸಂಬಂಧ ಉಂಟಾ ಅನ್ನುವುದನ್ನೂ ಹಾಕಿ. "ತಜ್ಞರ ಪ್ರಕಾರ" ಅಂದರೆ ಸಾಲದು. ಇನ್ನೊಂದು, ಜಗತ್ತಿಗೆ ಐದೇ ಕಂಪ್ಯೂಟರ್ ಸಾಕು ಅಂತ ಐಬಿಎಂ ಕಂಪನಿಯ ಮುಖ್ಯಸ್ಥರಾಗಿದ್ದ ವಾಟ್ಸನ್ ಹೇಳಿದರು ಅನ್ನುವ ಮಾತನ್ನು ನಿಮ್ಮ ಲೇಖನವೂ ಹಾಕಿದೆ. ಅವರು ಹಾಗೆ ಹೇಳಿದ್ದಕ್ಕೆ ಆಧಾರ ಈವರೆಗೆ ಸಿಕ್ಕಿಲ್ಲ. ವಾಟ್ಸಾಪಿನಲ್ಲಿ ಬಂದದ್ದು ಪೇಪರಿನಲ್ಲೂ ಬಂದರೆ ನಾವು ಇನ್ನು ಯಾರನ್ನು ನಂಬಬೇಕು?

ವರ್ಷಕ್ಕೊಮ್ಮೆ ಒಂದು ಕಾಲಂ ಕೊಡಿ. ಐದು ವರ್ಷ, ಹತ್ತು ವರ್ಷದ ಹಿಂದೆ ನಿಮ್ಮದೇ ಪುಟದಲ್ಲಿ ಬಂದ ಭವಿಷ್ಯ ಯಾವುದು, ಆಮೇಲೆ ಆದದ್ದೇನು ಅಂತ. ಗಾಳಿಯೇ ಇಲ್ಲದ ಕಡೆ ರಾಕೆಟ್ ಹೇಗೆ ಮುಂದೆ ಹೋಗುತ್ತದೆ ಅಂತ 1920ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಅವರನ್ನು ಹಂಗಿಸಿ ಬರೆದಿತ್ತು. ಅಪೊಲೊ 11 ಚಂದ್ರನ ಕಡೆ ಹೊರಟ ಮರುದಿನ, 1969ರ ಜುಲೈ 17ಕ್ಕೆ, ಅದೇ ಪತ್ರಿಕೆ ತಿದ್ದುಪಡಿ ಹಾಕಿತು. ಅಷ್ಟು ಹೊತ್ತಿಗೆ ಗೊಡಾರ್ಡ್ ತೀರಿಹೋಗಿ 24 ವರ್ಷ ಆಗಲು ಬಂದಿತ್ತು. ನೀವು ಅಷ್ಟು ಕಾಯುವುದು ಬೇಡ.

ಪಕ್ಕದ ಮನೆಯವರಿಗೆ ನಾನು ಈ ಸಲ ಧೈರ್ಯವನ್ನೂ ಹೇಳಲಿಲ್ಲ, ಹೆದರಿಸಲೂ ಇಲ್ಲ. ಹತ್ತಿರದ ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ಮಗಳನ್ನು ಅರ್ಧ ದಿನ ಕೂರಿಸಿ, ಅಲ್ಲಿ ಯಂತ್ರ ಎಷ್ಟು ಕೆಲಸ ಮಾಡುತ್ತದೆ, ಮನುಷ್ಯರು ಎಷ್ಟು ಮಾಡುತ್ತಾರೆ ಅಂತ ಅವಳೇ ನೋಡಿಕೊಂಡು ಬರಲಿ ಅಂದೆ. ಬುಧವಾರ ಹೋಗುತ್ತಾರಂತೆ. ಅರ್ಜಿ ಹಾಕಲು ಇನ್ನೂ ದಿನ ಉಂಟು.

– ಒಬ್ಬ ನಿವೃತ್ತ ಬ್ಯಾಂಕ್ ನೌಕರ, ಕುಂಜಿಬೆಟ್ಟು, ಉಡುಪಿ