11ರ ಹೊಸಬನಿಗೂ ರಿಂಕಿನಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ಮಕ್ಕಳೊಂದಿಗೆ ಕೆನಡಾಕ್ಕೆ ಹೊರಟು ನಿಂತ ಕನ್ನಡ ಕುಟುಂಬಗಳಿಗೆ ಬಾಡಿಗೆ ಮನೆ, ಶಾಲೆ, ಚಳಿಗಾಲದ ಜಾಕೆಟ್ಟು ಇವುಗಳ ಬಗ್ಗೆ ಬುದ್ಧಿ ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಇಲ್ಲಿನ ಮಕ್ಕಳು ಶಾಲೆಯಲ್ಲಿ ಊಟದ ಡಬ್ಬಿ ಬಿಚ್ಚುವಾಗಲೂ ಮಾತಾಡಿಕೊಳ್ಳುವ ಐಸ್ ಹಾಕಿಯ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಮೂರು ವರ್ಷಗಳ ಹಿಂದೆ ನಾವು ಮೈಸೂರಿನಿಂದ ಒಂಟಾರಿಯೊಕ್ಕೆ ಬಂದಾಗ ನಮ್ಮ ಮಗನಿಗೆ 11 ತುಂಬಿತ್ತು. ವಯಸ್ಸಿನ ಪ್ರಕಾರ ಬಹಳ ಜಾಣತನದಿಂದ ಕಟ್ಟಿರುವ ಇಲ್ಲಿನ ಮಕ್ಕಳ ಹಾಕಿ ವ್ಯವಸ್ಥೆ, 5ನೇ ವರ್ಷಕ್ಕೆ ಆಟ ಶುರು ಮಾಡಿದ ಮಗುವಿಗೆ ಎಷ್ಟು ಅನುಕೂಲವೋ 11ಕ್ಕೆ ಬಂದಿಳಿದ ಮಗುವಿಗೆ ಅಷ್ಟೇ ತೊಡಕು ಎಂಬುದನ್ನು ನಾವು ಕಂಡುಕೊಂಡದ್ದು ಆಗ. ಇಲ್ಲಿನ ಕನ್ನಡಿಗರೂ ಇಲ್ಲಿಗೆ ಬರಲಿರುವವರೂ ನಿಮ್ಮ ಪತ್ರಿಕೆಯನ್ನು ಓದುವುದರಿಂದ ಈ ಪತ್ರ.

ಮೊದಲಿಗೆ ವ್ಯವಸ್ಥೆಯನ್ನು ಹೇಳಿಬಿಡುತ್ತೇನೆ. ಹಾಕಿ ಕೆನಡಾ ಸಂಸ್ಥೆಯು ಮಕ್ಕಳನ್ನು ಯು7, ಯು9, ಯು11, ಯು13, ಯು15, ಯು18 ಎಂದು ವಿಂಗಡಿಸುತ್ತದೆ. ‘ಯು’ ಎಂದರೆ ಅಂಡರ್, ಅಂದರೆ ಅಷ್ಟು ವರ್ಷದೊಳಗಿನವರು. 2020ರವರೆಗೆ ಇವಕ್ಕೆ ನೋವಿಸ್, ಆಟಂ, ಪೀವೀ, ಬ್ಯಾಂಟಮ್ ಮುಂತಾದ ಹೆಸರುಗಳಿದ್ದವು. ಕೊನೆಯ ಗುಂಪಿನ ‘ಮಿಡ್ಜೆಟ್’ ಎಂಬ ಹೆಸರು ಗಿಡ್ಡ ಮೈಕಟ್ಟಿನವರನ್ನು ಹೀಯಾಳಿಸುವ ಪದವೆಂಬ ಆಕ್ಷೇಪ ಬಂದ ಮೇಲೆ ಎಲ್ಲ ಹೆಸರುಗಳನ್ನೂ ತೆಗೆದು ಸಂಖ್ಯೆಗಳನ್ನಿಟ್ಟರು. ಮಂಜುಗಡ್ಡೆ ಹಾಸಿದ ಆಟದಂಗಳವಾದ ರಿಂಕಿನ ಬೆಂಚುಗಳಲ್ಲಿ ಕೂರುವ ಅಜ್ಜಂದಿರು ಈಗಲೂ ಪೀವೀ ಎಂದೇ ಅನ್ನುತ್ತಾರೆ, ಆ ಮಾತು ಬೇರೆ. ತೀರಾ ಚಿಕ್ಕ ಮಕ್ಕಳನ್ನು ಬಿಟ್ಟರೆ ಉಳಿದ ವಯಸ್ಸುಗಳಲ್ಲಿ ಎರಡು ದಾರಿಗಳಿವೆ. ಆಯ್ಕೆ ಪರೀಕ್ಷೆ ನಡೆಸಿ ಆರಿಸಿದ ಮಕ್ಕಳು ಎ, ಎಎ, ಎಎಎ ಮಟ್ಟಗಳಲ್ಲಿ ಊರೂರು ಸುತ್ತಿ ಆಡುವ ‘ರೆಪ್’ ತಂಡಗಳು ಒಂದು. ಹಣ ಕಟ್ಟಿ ಹೆಸರು ಬರೆಸಿದವರೆಲ್ಲ ತಮ್ಮೂರಿನ ರಿಂಕಿನಲ್ಲೇ ಆಡುವ ‘ಹೌಸ್ ಲೀಗ್’ ಇನ್ನೊಂದು. ನಾನು ಬರೆಯುತ್ತಿರುವುದು ಈ ಎರಡನೆಯದರ ಬಗ್ಗೆ. ಇಲ್ಲಿಯೂ ಹಂಗಾಮಿನ ಆರಂಭದಲ್ಲಿ ಮಕ್ಕಳ ಆಟ ನೋಡಿ ಅಂಕ ಹಾಕುವುದುಂಟು. ಆದರೆ ಒಂದೇ ತಂಡದಲ್ಲಿ ಬಲಿಷ್ಠರೆಲ್ಲ ಸೇರಿಕೊಳ್ಳದಂತೆ ಸರಿತೂಗಿಸುವುದಕ್ಕಷ್ಟೇ ಆ ಅಂಕ. ಪಂದ್ಯದಲ್ಲಿ ನಿಗದಿತ ಹೊತ್ತಿಗೆ ಬಜರ್ ಬಾರಿಸುತ್ತದೆ, ಆಡುತ್ತಿದ್ದವರು ಹೊರಬಂದು ಬೆಂಚಿನಲ್ಲಿದ್ದವರು ಒಳಗಿಳಿಯುತ್ತಾರೆ. ಚೆನ್ನಾಗಿ ಆಡುವವನಿಗೆ ಹೆಚ್ಚು ಹೊತ್ತು, ಆಡಲಾರದವನಿಗೆ ಕಡಿಮೆ ಹೊತ್ತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಚಿಕ್ಕ ಮಕ್ಕಳ ವಿಷಯದಲ್ಲಂತೂ ಇವರ ಎಚ್ಚರಿಕೆ ಕಂಡು ನನಗೆ ನಿಜಕ್ಕೂ ಗೌರವ ಮೂಡಿತು. ಪೂರ್ಣ ಗಾತ್ರದ ರಿಂಕು 200 ಅಡಿ ಉದ್ದ, 85 ಅಡಿ ಅಗಲ. 6 ವರ್ಷದ ಮಗುವನ್ನು ಅದರಲ್ಲಿ ಬಿಟ್ಟರೆ ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆಯಾದ ಪಕ್ಕಿನ ಹಿಂದೆ ಓಡುವುದರಲ್ಲೇ ಸುಸ್ತಾಗಿ, ಒಂದು ಸಲವೂ ಅದನ್ನು ಮುಟ್ಟದೆ ಮನೆಗೆ ಹೋಗುತ್ತದೆ. ಅದಕ್ಕಾಗಿ ಯು7 ಮಕ್ಕಳಿಗೆ ಮೆತ್ತನೆಯ ತಡೆಗೋಡೆಗಳನ್ನಿಟ್ಟು ರಿಂಕನ್ನು ಪಾಲು ಮಾಡುತ್ತಾರೆ. ದೊಡ್ಡವರ ಕಪ್ಪು ಪಕ್ಕು ಸುಮಾರು 170 ಗ್ರಾಂ ತೂಗಿದರೆ ಈ ಮಕ್ಕಳ ನೀಲಿ ಪಕ್ಕು 113 ಗ್ರಾಂ ಮಾತ್ರ. ಯಾರು ಗೆದ್ದರು ಎಂದು ಬರೆದಿಡುವುದಿಲ್ಲ. (ಮಕ್ಕಳು ತಾವೇ ಎಣಿಸಿಕೊಳ್ಳುತ್ತಾರೆ, ಅದನ್ನು ತಡೆಯಲು ಯಾವ ಸಂಸ್ಥೆಯಿಂದಲೂ ಆಗದು.) ಯು9ಕ್ಕೆ ಅರ್ಧ ರಿಂಕು, ಅದರ ಮುಂದೆ ಪೂರ್ತಿ ರಿಂಕು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದ ಮಗು ಯು13ಕ್ಕೆ ತಲುಪುವ ಹೊತ್ತಿಗೆ ಹಿಂದಕ್ಕೆ ಜಾರುವುದನ್ನೂ ಸರ್ರನೆ ನಿಲ್ಲುವುದನ್ನೂ ನಡೆದಾಡಿದಷ್ಟೇ ಸಲೀಸಾಗಿ ಮಾಡುತ್ತಿರುತ್ತದೆ.

ನಮ್ಮ ಹುಡುಗ ನೇರವಾಗಿ ಬಂದು ನಿಂತದ್ದು ಆ ಯು13ರಲ್ಲಿ. ಗುಂಪು ಯಾವುದೆಂಬುದು ಹುಟ್ಟಿದ ವರ್ಷದಿಂದ ತೀರ್ಮಾನವಾಗುತ್ತದೆ. ಆಟ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಮೈಸೂರಿನಲ್ಲಿ ಎರಡು ವರ್ಷ ರೋಲರ್ ಸ್ಕೇಟಿಂಗ್ ಕಲಿತಿದ್ದನಾದ್ದರಿಂದ ಹೇಗೋ ಸುಧಾರಿಸಿಕೊಳ್ಳುತ್ತಾನೆ ಎಂದು ನಾವು ಧೈರ್ಯದಿಂದಿದ್ದೆವು. ಪರಿಚಿತರೊಬ್ಬರ ಮನೆಯಿಂದ ಹಳೆಯ ಸ್ಕೇಟ್ಸ್ ತಂದು, ಅರ್ಧ ಗಂಟೆ ಹೆಣಗಾಡಿ ಲೇಸ್ ಬಿಗಿದು ಬೆಳಿಗ್ಗೆ 7 ಗಂಟೆಗೆ ಅವನನ್ನು ಮಂಜುಗಡ್ಡೆಯ ಮೇಲಿಳಿಸಿದೆ. ಹೊಸದಾಗಿ ಹುಟ್ಟಿದ ಕರುವಿನ ಹಾಗೆ ಅವನ ಕಾಲುಗಳು ನಾಲ್ಕು ದಿಕ್ಕಿಗೂ ಹೋದವು. ಹತ್ತು ನಿಮಿಷದಲ್ಲಿ ಎಂಟು ಸಲ ಬಿದ್ದ. ಕೊನೆಗೆ ತರಬೇತುದಾರರು ಅವನನ್ನು ಪಕ್ಕಕ್ಕೆ ಕರೆದು, ಸ್ಕೇಟ್ಸ್ ಬಿಚ್ಚಿಸಿ, ತಮ್ಮ ಹೆಬ್ಬೆರಳಿನ ಉಗುರನ್ನು ಅಲಗಿನ ಅಂಚಿಗೆ ಅಡ್ಡಲಾಗಿ ಎಳೆದು ನನಗೆ ತೋರಿಸಿದರು. ಸಾಣೆ ಸರಿಯಿದ್ದರೆ ಉಗುರಿನಿಂದ ಬಿಳಿಯ ಪುಡಿ ಸಣ್ಣಗೆ ಉದುರಬೇಕು. ಇಲ್ಲಿ ಏನೂ ಉದುರಲಿಲ್ಲ. ಸ್ಕೇಟ್ಸಿಗೆ ಚಾಕುವಿನಂತೆ ಆಗಾಗ ಸಾಣೆ ಹಿಡಿಸಬೇಕೆಂಬ ಸಂಗತಿ ರೋಲರ್ ಚಕ್ರಗಳಷ್ಟನ್ನೇ ಕಂಡಿದ್ದ ನನಗೆ ಹೇಗೆ ತಿಳಿಯಬೇಕು? 5 ವರ್ಷದ ಮಗುವಿನ ತಂದೆಯಾಗಿದ್ದರೆ ಆ ಮಕ್ಕಳ ತರಗತಿಯ ಮೊದಲ ದಿನವೇ ಯಾರಾದರೂ ಹೇಳಿರುತ್ತಿದ್ದರು. 11 ವರ್ಷದವನ ತಂದೆಗೆ ಇದೆಲ್ಲ ಗೊತ್ತಿರುತ್ತದೆ ಎಂದು ಎಲ್ಲರೂ ತಿಳಿದುಕೊಂಡಿರುತ್ತಾರೆ.

ಸಾಣೆ ಹಿಡಿಸಿದ ಮೇಲೂ ಅವನು ಉಳಿದವರಿಗಿಂತ ಐದಾರು ವರ್ಷ ಹಿಂದಿದ್ದ. ಒಂದೇ ವರ್ಷದ ಜನವರಿಯಲ್ಲಿ ಹುಟ್ಟಿದವರನ್ನೂ ಡಿಸೆಂಬರಿನಲ್ಲಿ ಹುಟ್ಟಿದವರನ್ನೂ ಈ ಪದ್ಧತಿ ಸಮವಯಸ್ಕರೆಂದೇ ಎಣಿಸುತ್ತದೆ. ಉನ್ನತ ಮಟ್ಟದ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿರುವುದನ್ನು ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಕೆಲವು ತಿಂಗಳ ಹಿರಿತನಕ್ಕೇ ಇಷ್ಟು ಬೆಲೆಯಿರುವಾಗ, ಮಂಜುಗಡ್ಡೆಯ ಮೇಲೆ ಐದಾರು ಚಳಿಗಾಲ ಕಳೆದವರ ನಡುವೆ ಮೊದಲ ಸಲ ನಿಂತ ಹುಡುಗನ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನಿಗೂ ಸಮಪಾಲು ಹೊತ್ತು ಸಿಗುತ್ತಿತ್ತು, ಆ ಮಾತು ನಿಜ. ಆದರೆ ಆ ಹೊತ್ತಿನಲ್ಲಿ ಪಕ್ಕು ಅವನ ಕಡೆಗೆ ಬರುತ್ತಿರಲಿಲ್ಲ.

ಹೊಸಬರಿಗಾಗಿ ಕಾರ್ಯಕ್ರಮಗಳೇ ಇಲ್ಲವೆಂದಲ್ಲ. ಉತ್ತರ ಅಮೆರಿಕದ ವೃತ್ತಿಪರ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಮತ್ತು ಅದರ ಆಟಗಾರರ ಸಂಘ ಜೊತೆಗೂಡಿ ನಡೆಸುವ ‘ಫಸ್ಟ್ ಶಿಫ್ಟ್’ ಎಂಬ ಒಳ್ಳೆಯ ಕಾರ್ಯಕ್ರಮದಲ್ಲಿ, ಹಿಂದೆಂದೂ ಹಾಕಿ ಆಡದ ಮಕ್ಕಳಿಗೆ ಅಡಿಯಿಂದ ಮುಡಿಯವರೆಗಿನ ಸಲಕರಣೆ ಕೊಟ್ಟು ಮಂಜುಗಡ್ಡೆಯ ಮೇಲೆ ಪಾಠ ಹೇಳುತ್ತಾರೆ. ಆದರೆ ಅದು 6ರಿಂದ 10 ವರ್ಷದವರಿಗೆ. ಕೆಲವು ಊರುಗಳ ಹಾಕಿ ಸಂಘಗಳು ಅದಕ್ಕಿಂತ ದೊಡ್ಡ ಮಕ್ಕಳಿಗೂ ಆರಂಭದ ತರಗತಿ ನಡೆಸುತ್ತವೆ, ಹಲವು ನಡೆಸುವುದಿಲ್ಲ. ನಾವು ವಿಚಾರಿಸಿದ ಸಂಘದಲ್ಲಿ ಇರಲಿಲ್ಲ. ವಿಚಿತ್ರವೆಂದರೆ 40 ದಾಟಿದ ನನಗೆ, ಸ್ಟಿಕ್ ಹಿಡಿಯುವುದರಿಂದಲೇ ಕಲಿಸಿಕೊಡುವ ವಯಸ್ಕರ ತರಗತಿ ಒಂದೇ ಫೋನ್ ಕರೆಯಲ್ಲಿ ಸಿಕ್ಕಿತು.

ವಲಸೆ ಬರುವ ಕುಟುಂಬಗಳ ಮಕ್ಕಳು ಇಂಥದ್ದೇ ವಯಸ್ಸಿನವರಾಗಿರಬೇಕೆಂಬ ನಿಯಮವೇನೂ ಇಲ್ಲ. ಹಾಕಿ ಸಂಘಗಳಿಗೆ ನನ್ನ ಬೇಡಿಕೆ ಚಿಕ್ಕದು: 10ರಿಂದ 14 ವರ್ಷದ ಹೊಸಬರಿಗೆ, ಹಂಗಾಮು ಆರಂಭವಾಗುವ ಮೊದಲು ಎಂಟು ಹತ್ತು ವಾರ, ವಾರಕ್ಕೊಂದು ಗಂಟೆಯ ತರಗತಿ ಇರಲಿ. ಮಕ್ಕಳು ಕಲಿಯುತ್ತಿರುವಾಗ ಪೋಷಕರಿಗೆ ಸಾಣೆ, ಲೇಸ್, ಸಲಕರಣೆಯ ಅಳತೆ ಇವುಗಳನ್ನು ಯಾರಾದರೂ ಹೇಳಿಕೊಡಲಿ. ರಿಂಕಿನ ಹೊತ್ತು ದುಬಾರಿ, ಒಳ್ಳೆಯ ಹೊತ್ತೆಲ್ಲ ರೆಪ್ ತಂಡಗಳಿಗೆ ಹೋಗುತ್ತದೆ ಎಂಬ ಉತ್ತರ ನನಗೆ ಗೊತ್ತು. ಬೆಳಿಗ್ಗೆ 6 ಗಂಟೆಯಾದರೂ ಅಡ್ಡಿಯಿಲ್ಲ, ಕತ್ತಲಲ್ಲೇ ಎದ್ದು ಮಕ್ಕಳನ್ನು ಕರೆತರಲು ನಾವು ತಯಾರಿದ್ದೇವೆ.

ನಮ್ಮವರಿಗೂ ಎರಡು ಮಾತು. ಹಾಕಿ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಕೊಡಗು. 1997ರಿಂದ ನಡೆದು ಬಂದಿರುವ ಅಲ್ಲಿನ ಕೌಟುಂಬಿಕ ಪಂದ್ಯಾವಳಿಯಲ್ಲಿ ಹಿರಿಯರೂ ಕಿರಿಯರೂ ಒಂದೇ ಮನೆತನದ ತಂಡದಲ್ಲಿ ಆಡುತ್ತಾರೆ. ಆಡುತ್ತ ಆಡುತ್ತ ಕಲಿಸುವವರು ಪಕ್ಕದಲ್ಲೇ ಇರುತ್ತಾರೆ. ಇಲ್ಲಿ ವಯಸ್ಸಿನ ಗೋಡೆಗಳಿರುವುದರಿಂದ ಆ ಕೆಲಸವನ್ನು ನಾವು ಹೊರಗಿನಿಂದ ಮಾಡಬೇಕು. ರಾಜ್ಯೋತ್ಸವಕ್ಕೂ ಯುಗಾದಿಗೂ ಸಭಾಂಗಣ ಬಾಡಿಗೆಗೆ ಹಿಡಿಯುವ ಕನ್ನಡ ಸಂಘಗಳು ವರ್ಷದಲ್ಲಿ ನಾಲ್ಕು ಸಲ ರಿಂಕನ್ನು ಒಂದೊಂದು ಗಂಟೆ ಬಾಡಿಗೆಗೆ ಹಿಡಿಯಬಹುದು. ಮಕ್ಕಳು ಬೆಳೆದು ಚಿಕ್ಕದಾದ ಸ್ಕೇಟ್ಸ್, ಹೆಲ್ಮೆಟ್, ಕಾಲಿನ ಪ್ಯಾಡುಗಳು ಎಷ್ಟೋ ಗ್ಯಾರೇಜುಗಳಲ್ಲಿ ಧೂಳು ತಿನ್ನುತ್ತಿವೆ. ಅವು ಕೈ ಬದಲಾಯಿಸಲಿ. ಊರಿನಿಂದ ಹೊರಡುವ ಮೊದಲು ಒಂದು ವರ್ಷ ಸಮಯವಿದ್ದರೆ ಮಗುವನ್ನು ರೋಲರ್ ಸ್ಕೇಟಿಂಗಿಗೆ ಸೇರಿಸಿ, ನಾಲ್ಕು ಚಕ್ರಗಳು ಒಂದೇ ಸಾಲಿನಲ್ಲಿರುವ ಇನ್‌ಲೈನ್ ಸ್ಕೇಟ್ಸ್ ಆದರೆ ಇನ್ನೂ ಒಳ್ಳೆಯದು. ಸಮತೋಲ ಅಲ್ಲಿಂದಲೇ ಬರುತ್ತದೆ. ನಿಲ್ಲುವುದನ್ನು ಮಾತ್ರ ಹೊಸದಾಗಿ ಕಲಿಯಬೇಕು. ಮಂಜುಗಡ್ಡೆಯ ಮೇಲೆ ಬ್ರೇಕ್ ಇಲ್ಲ, ಅಲಗನ್ನು ಅಡ್ಡ ತಿರುಗಿಸಿ ಕೆರೆಯಬೇಕು.

ಹೊಡೆದಾಟದ ಆಟವೆಂಬ ಭಯದಿಂದ ಹಿಂಜರಿಯುವವರು ತಿಳಿದಿರಬೇಕಾದ ಸಂಗತಿಯೆಂದರೆ, ಒಂಟಾರಿಯೊದ ಹೌಸ್ ಲೀಗಿನಲ್ಲಿ ಮೈಗೆ ಮೈ ಗುದ್ದುವ ಬಾಡಿ ಚೆಕಿಂಗಿಗೆ ಅವಕಾಶವಿಲ್ಲ. ರೆಪ್ ತಂಡಗಳಲ್ಲೂ ಯು13 ಮಟ್ಟದವರೆಗೆ ಅದನ್ನು 2013ರಲ್ಲೇ ದೇಶದಾದ್ಯಂತ ನಿಲ್ಲಿಸಲಾಗಿದೆ. ಮುಖಕ್ಕೆ ಪೂರ್ತಿ ಜಾಲರಿಯಿರುವ ಹೆಲ್ಮೆಟ್, ಕುತ್ತಿಗೆಯ ಪಟ್ಟಿ ಇಲ್ಲದೆ ಮಕ್ಕಳನ್ನು ಆಟಕ್ಕೆ ಬಿಡುವುದಿಲ್ಲ. ರಗ್ಬಿ ಆಟದಲ್ಲಿ ತಲೆಗೆ ಪೆಟ್ಟಾಗಿ 2013ರಲ್ಲಿ ತೀರಿಕೊಂಡ 17 ವರ್ಷದ ರೋವನ್ ಸ್ಟ್ರಿಂಗರ್ ಹೆಸರಿನಲ್ಲಿ ಒಂಟಾರಿಯೊ 2018ರಲ್ಲಿ ಕಾನೂನನ್ನೇ ಮಾಡಿದ್ದು, ತಲೆಪೆಟ್ಟಿನ ಲಕ್ಷಣಗಳ ಬಗೆಗಿನ ಮಾಹಿತಿಯನ್ನು ಪ್ರತಿವರ್ಷ ಓದಿ ಒಪ್ಪಿದ ಮೇಲೆಯೇ ಆಟಕ್ಕೆ ನೋಂದಣಿಯಾಗುತ್ತದೆ. ಖರ್ಚು ಹೆಚ್ಚೆನಿಸಿದರೆ ಜಂಪ್‌ಸ್ಟಾರ್ಟ್, ಹಾಕಿ ಕೆನಡಾ ಪ್ರತಿಷ್ಠಾನದ ಅಸಿಸ್ಟ್ ಫಂಡ್ ಮುಂತಾದ ನಿಧಿಗಳಿವೆ. ಅರ್ಜಿ ಹಾಕಲು ಸಂಕೋಚ ಬೇಡ.

ನಮ್ಮ ಮಗ ಈಗ ಯು15ರಲ್ಲಿದ್ದಾನೆ. ಇಂದಿಗೂ ತಂಡದ ನಿಧಾನದ ಆಟಗಾರರಲ್ಲಿ ಅವನೊಬ್ಬ, ಆದರೂ ಶನಿವಾರ ಬೆಳಿಗ್ಗೆ ಎಬ್ಬಿಸುವ ಮೊದಲೇ ಎದ್ದಿರುತ್ತಾನೆ. ಅವನು ಮೊದಲ ಚಳಿಗಾಲದಲ್ಲೇ ಆಟ ಬಿಡದೆ ಉಳಿದದ್ದು ಉಗುರು ಎಳೆದು ತೋರಿಸಿದ ಆ ತರಬೇತುದಾರರು ಪ್ರತಿ ಅಭ್ಯಾಸದ ನಂತರ, ಮಂಜುಗಡ್ಡೆ ನಯಗೊಳಿಸುವ ಜಾಂಬೋನಿ ಒಳಬರುವ ತನಕ, ಅವನೊಬ್ಬನಿಗಾಗಿ ಐದು ನಿಮಿಷ ಉಳಿಯುತ್ತಿದ್ದುದರಿಂದ. ಬರುವ ಹಂಗಾಮಿನ ನೋಂದಣಿ ಹಲವು ಊರುಗಳಲ್ಲಿ ವಸಂತದಲ್ಲೇ ಶುರುವಾಗಿ, ಆಗಸ್ಟಿನಲ್ಲಿ ಬಂದಿಳಿಯುವ ಕುಟುಂಬಗಳು ಕಾಯುವವರ ಪಟ್ಟಿಗೆ ಸೇರುತ್ತವೆ. ಹೊಸಬರ ತರಗತಿಯ ಬಗ್ಗೆ ಸಂಘಗಳು ತೀರ್ಮಾನಿಸುವುದಿದ್ದರೆ ಅದಕ್ಕೆ ಮೊದಲೇ ತೀರ್ಮಾನಿಸಬೇಕು.

ಇತಿ ತಮ್ಮ ವಿಶ್ವಾಸಿ,
ಮೈಸೂರು ಮೂಲದ ಒಬ್ಬ ಓದುಗ
ಮಿಸ್ಸಿಸಾಗಾ, ಒಂಟಾರಿಯೊ