ರೇಷನ್ ಕಾರ್ಡಿನಲ್ಲಿ ನಿನ್ನ ಹೆಸರು

ದಾವಣಗೆರೆ, ಭಾನುವಾರ

ಪ್ರೀತಿಯ ಪುಟ್ಟಿ,

ಹಬ್ಬದ ದಿನ ಫೋನಿನಲ್ಲಿ ನೀನು ಆಡಿದ ಮಾತು ಕಿವಿಯಲ್ಲೇ ಕೂತಿದೆ. "ನನ್ನಂಥ ಸಲಿಂಗಿಗಳ ಹತ್ತಿರ ಸರ್ಕಾರಗಳೇ ಕ್ಷಮೆ ಕೇಳಿವೆ ಅಪ್ಪಾಜಿ, ನೀವು ಮಾತ್ರ ಕೇಳಲ್ಲ ಅಲ್ವಾ?" ಅಂದೆ. ಬಾಗಿಲಿಗೆ ಯಾರೋ ಬಂದರು ಅಂತ ಸುಳ್ಳು ಹೇಳಿ ಫೋನು ನಿಮ್ಮಮ್ಮನ ಕೈಗೆ ಕೊಟ್ಟೆ.

ಆಮೇಲೆ ಓದಲು ಕೂತೆ. ಮೂವತ್ತೆರಡು ವರ್ಷ ರೆಕಾರ್ಡ್ ರೂಮಿನ ಧೂಳು ಕುಡಿದವನು ನಾನು. ಆದೇಶ ಯಾವುದು, ದಿನಾಂಕ ಯಾವುದು ಅಂತ ನೋಡದೆ ಏನನ್ನೂ ನಂಬುವವನಲ್ಲ. ಕುಂದವಾಡ ಕೆರೆಯ ವಾಕಿಂಗ್ ಎರಡು ವಾರ ತಪ್ಪಿತು. ಮಂಡಿನೋವಾ ಅಂತ ಗೆಳೆಯರು ಕೇಳಿದರು. ಹೂಂ ಅಂದೆ.

ಮೊದಲು ಸಿಕ್ಕಿದ್ದು ಇಂಗ್ಲೆಂಡಿನ ಅಲನ್ ಟ್ಯೂರಿಂಗ್. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗುಪ್ತ ಸಂದೇಶಗಳನ್ನು ಒಡೆದ ಬುದ್ಧಿವಂತ. ಸಲಿಂಗಿ ಅಂತ 1952ರಲ್ಲಿ ಶಿಕ್ಷೆಯಾಯಿತು. ಜೈಲು ಬೇಡ ಅಂದರೆ ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಿತ್ತು, ಒಪ್ಪಿದ. ಎರಡೇ ವರ್ಷಕ್ಕೆ ತೀರಿಕೊಂಡ, 41 ವಯಸ್ಸು. ಇದನ್ನು ಓದುವಾಗ ನಿನ್ನ ಮಾತ್ರೆಗಳು ನೆನಪಾದವು. ಇದನ್ನು ವಾಸಿ ಮಾಡಿ ಅಂತ ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನು. ಅವರು ಕೊಟ್ಟ ಮಾತ್ರೆ ನುಂಗಿದೆಯಾ ಇಲ್ಲವಾ ಅಂತ ರಾತ್ರಿ ನಿನ್ನ ನಾಲಿಗೆ ಎತ್ತಿಸಿ ನೋಡಿದವನೂ ನಾನೇ.

ಟ್ಯೂರಿಂಗ್ ವಿಷಯದಲ್ಲಿ 2009ರಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಕ್ಷಮೆ ಕೇಳಿದರು. 2013ರಲ್ಲಿ ರಾಣಿ ಕ್ಷಮಾದಾನ ಕೊಟ್ಟರು. ಇಲ್ಲಿ ನನಗೆ ತಡೆಯಿತು. ತಪ್ಪು ಮಾಡಿದವರು ಯಾರು, ಕ್ಷಮಿಸಿದವರು ಯಾರು? ನಗಬೇಡ, ನಾನೂ ಒಂದು ಸಲ ಹಾಗೇ ಮಾಡಿದ್ದೆ. "ಆಗಿದ್ದು ಆಯ್ತು, ಕ್ಷಮಿಸಿದ್ದೀನಿ, ಮನೆಗೆ ಬಾ" ಅಂತ ನಿನಗೆ ಮೆಸೇಜ್ ಹಾಕಿದ್ದೆ. ನೀನು ಉತ್ತರ ಕೊಡಲಿಲ್ಲ. ಆಗ ಸೊಕ್ಕು ಅಂದುಕೊಂಡೆ.

ಜರ್ಮನಿಯವರದು ನನಗೆ ಹಿಡಿಸಿತು. ಅಲ್ಲಿ ಗಂಡಸರ ಸಲಿಂಗ ಸಂಬಂಧ ಅಪರಾಧ ಅನ್ನುವ 175ನೇ ಕಲಂ ಅಂತ ಇತ್ತು. ಯುದ್ಧ ಮುಗಿದ ಮೇಲೂ ಪಶ್ಚಿಮ ಜರ್ಮನಿಯಲ್ಲಿ ಸುಮಾರು 50,000 ಜನರಿಗೆ ಅದರಡಿ ಶಿಕ್ಷೆಯಾಯಿತು. 2017ರಲ್ಲಿ ಆ ತೀರ್ಪುಗಳನ್ನೇ ರದ್ದು ಮಾಡಿದರು. ತೀರ್ಪಿಗೆ 3,000 ಯೂರೋ, ಜೈಲಿನ ವರ್ಷಕ್ಕೆ 1,500 ಯೂರೋ ಪರಿಹಾರ. ದುಡ್ಡು ಜಾಸ್ತಿ ಏನಲ್ಲ. ಆದರೆ ಹಳೇ ಫೈಲಿಗೆ ಕೈ ಹಾಕಿ ತಿದ್ದುವುದು ಎಷ್ಟು ಕಷ್ಟ ಅಂತ ನನ್ನಂಥವನಿಗೆ ಗೊತ್ತು.

ಕೆನಡಾದ್ದು ಓದಿ ಹೊಟ್ಟೆಯಲ್ಲಿ ಕಸಿವಿಸಿಯಾಯಿತು, ನಾನೂ ಸರ್ಕಾರಿ ನೌಕರನೇ ನೋಡು. ಸೈನ್ಯದಿಂದ, ಕಚೇರಿಗಳಿಂದ ದಶಕಗಳ ಕಾಲ ಸಲಿಂಗಿಗಳನ್ನು ಹುಡುಕಿ ಹುಡುಕಿ ಹೊರಗೆ ಹಾಕಿದರು. ಪತ್ತೆ ಹಚ್ಚಲು ಚಿತ್ರ ತೋರಿಸಿ ಕಣ್ಣಿನ ಪಾಪೆ ಹಿಗ್ಗುತ್ತಾ ಅಂತ ಅಳೆಯುವ ಯಂತ್ರವನ್ನೂ ಕಟ್ಟಹೊರಟಿದ್ದರಂತೆ! 2017ರ ನವೆಂಬರ್ 28ರಂದು ಪ್ರಧಾನಿ ಟ್ರೂಡೊ ಪಾರ್ಲಿಮೆಂಟಿನಲ್ಲಿ ನಿಂತು ಕ್ಷಮೆ ಕೇಳಿದರು.

ನಮ್ಮಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಕಲಂ ಬ್ರಿಟಿಷರು ಬರೆದಿಟ್ಟು ಹೋದದ್ದು. ಅದಕ್ಕೆ ವಿಷಾದವಿದೆ ಅಂತ ಅವರ ಪ್ರಧಾನಿ ತೆರೇಸಾ ಮೇ 2018ರ ಏಪ್ರಿಲ್‌ನಲ್ಲಿ ಹೇಳಿದರು. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ನಿಮ್ಮನ್ನು ಅಪರಾಧಿಗಳ ಪಟ್ಟಿಯಿಂದ ತೆಗೆಯಿತು. ಈ ಜನರಿಗೂ ಅವರ ಕುಟುಂಬಗಳಿಗೂ ಚರಿತ್ರೆ ಕ್ಷಮೆ ಕೇಳಬೇಕು ಅಂತ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಒಳ್ಳೇ ಮಾತು. ಆದರೆ ಚರಿತ್ರೆಗೆ ಕಚೇರಿ ಎಲ್ಲಿದೆ, ಸೀಲು ಯಾರ ಹತ್ತಿರ ಇದೆ? ಇನ್ನು ಕುಟುಂಬ ಅನ್ನೋ ಮಾತು. ಕ್ಷಮೆ ಕೇಳಿಸಿಕೊಳ್ಳುವವರ ಸಾಲಿನಲ್ಲಿ ನಾನು ನಿಲ್ಲಲಾರೆ ಪುಟ್ಟಿ. ತೀರ್ಪಿನ ಮರುದಿನದ ಪೇಪರನ್ನು ನಿಮ್ಮಮ್ಮನಿಗೆ ಕಾಣದ ಹಾಗೆ ಹಾಸಿಗೆ ಕೆಳಗೆ ತುರುಕಿದವನು ನಾನು.

ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ನೀನು ಮನೆ ಬಿಟ್ಟ ವಾರ ರೇಷನ್ ಕಾರ್ಡಿನಿಂದ ನಿನ್ನ ಹೆಸರು ತೆಗೆಸಿದೆ. ಯಾರೂ ಕೇಳಿರಲಿಲ್ಲ, ಸುಮ್ನೆ ಸಿಟ್ಟಿಗೆ. ಕಾರಣ ಏನು ಅಂದಾಗ "ಮದುವೆಯಾಗಿದೆ" ಅಂತ ಬರೆಸಿದೆ. ನಿಮ್ಮಂಥವರ ಮದುವೆಗೆ ಮಾನ್ಯತೆ ಕೊಡಲು 2023ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ನಾನು ಮಾತ್ರ ಒಂದು ಅರ್ಜಿಯಲ್ಲಿ ನಿನ್ನ ಮದುವೆ ಮಾಡಿ ಮುಗಿಸಿದ್ದೆ.

ಮಾತ್ರೆ, ಮೆಸೇಜು, ಕಾರ್ಡು. ಮೂರೂ ನನ್ನ ಕೆಲಸವೇ. ತಪ್ಪಾಯ್ತು ಮಗಳೇ.

ಮೊನ್ನೆ ಹೆಸರು ಸೇರಿಸಲು ಹೋಗಿದ್ದೆ. ಅಪ್ಪ ಬಂದರೆ ಆಗಲ್ಲ, ನೀನೇ ಬಂದು ತಂಬ್ ಕೊಡಬೇಕಂತೆ. ನಿನಗೆ ಬೇಕು ಅನ್ನಿಸಿದರೆ ಮಾತ್ರ ಬಾ. ಬಂದರೆ ಬೆಳಗಿನ ಬಸ್ಸಿಗೇ ಬಾ, ಮಧ್ಯಾಹ್ನದ ಮೇಲೆ ಸರ್ವರ್ ಕೈ ಕೊಡುತ್ತೆ. ನಿನ್ನ ಜೊತೆಗಿರುವ ಅವಳನ್ನೂ ಕರೆದುಕೊಂಡು ಬಾ. ಮಂಡಕ್ಕಿ ಜೊತೆ ಮಿರ್ಚಿ ಮಾಡಿದರೆ ಅವಳಿಗೆ ಖಾರ ಆಗುತ್ತಾ ಅಂತ ನಿಮ್ಮಮ್ಮ ಕೇಳುತ್ತಿದ್ದಾಳೆ.

ನಿನ್ನ
ಅಪ್ಪಾಜಿ